ಕೆರೆಗೊಂದು ಸಮಿತಿ, ಸಮಿತಿಗೊಂದು ಕಾರಂಜಿ

ಸಣ್ಣದೊಂದು ಕೆರೆಯನ್ನು ಕೆಡಿಸಲು ಕಾರ್ಖಾನೆಯೇ ಬೇಕೆಂದು ನಂಬಿದವರು ಕೆರೆ ಸಂರಕ್ಷಣಾ ಸಮಿತಿಯ ಸಭೆಗೆ ಒಮ್ಮೆ ಹೋಗಿ ಬರಬೇಕು. ಸದಸ್ಯರೆಲ್ಲ ಸಜ್ಜನರು. ಅವರಿಗೆ ಕೆರೆಯೆಂದರೆ ಪ್ರಾಣ. ಕಿಟಕಿ ತೆರೆದರೆ ಕೆರೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ದಡದಲ್ಲಿ ಮನೆ ಕೊಂಡವರು. ಹಾಗಾಗಿ ಇಂಥ ಸಮಿತಿಯ ಮೊಟ್ಟಮೊದಲ ನಿರ್ಣಯ ಜೊಂಡು ಕತ್ತರಿಸುವುದೇ ಆಗಿರುತ್ತದೆ. ಜೊಂಡು ಹರಿದು ಬರುವ ಮಳೆನೀರನ್ನು ಸೋಸುತ್ತದೆ, ಮೀನಿನ ಮರಿಗಳಿಗೆ ಮರೆಯಾಗುತ್ತದೆ, ಅಲೆಯ ಹೊಡೆತಕ್ಕೆ ದಡ ಕುಸಿಯದಂತೆ ಬೇರಿನಿಂದ ಬಿಗಿದಿಡುತ್ತದೆ. ಎಲ್ಲವೂ ನಿಜ. ಆದರೆ ಕಿಟಕಿಗೆ ಅಡ್ಡ ಬರುತ್ತದಲ್ಲ! ಜೊಂಡು ಹೋಯಿತು, ದಡ ಕುಸಿಯಿತು. ಕುಸಿದ ದಡಕ್ಕೆ ಕಲ್ಲಿನ ಗೋಡೆ ಬಂತು. ಗೋಡೆ ಹತ್ತಲಾರದ ಕಪ್ಪೆಗಳು ಹೋದವು, ಸೊಳ್ಳೆಗಳು ಬಂದವು. ಸೊಳ್ಳೆಗೆ ಹೊಗೆ ಹಾಕಿಸಲು ಉಪಸಮಿತಿ ಬಂತು. ಸಂರಕ್ಷಣೆ ಎಂಬುದು ಹೀಗೆ ಹಂತಹಂತವಾಗಿ ಮುಂದುವರಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಕಾರಂಜಿ ಇಲ್ಲದಿದ್ದರೆ ಹೇಗೆ? ಕಾರಂಜಿ ಚಿಮ್ಮಿದರೆ ನೀರಿಗೆ ಆಮ್ಲಜನಕ ಸೇರುತ್ತದೆ ಎಂದು ಅಧ್ಯಕ್ಷರು ವಿವರಿಸುತ್ತಾರೆ. ಬೇಸಿಗೆಯಲ್ಲಿ ತುಸು ಆಳವಿರುವ ಕೆರೆಯ ನೀರು ಪದರಪದರವಾಗಿ ನಿಲ್ಲುತ್ತದೆ: ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಉಸಿರುಗಟ್ಟುವುದು ಕೆಳಗಿನದಕ್ಕೆ. ಕಾರಂಜಿಯಾದರೋ ಮೇಲಿನ ನೀರನ್ನೇ ಎತ್ತಿ ಮೇಲಿನ ನೀರಿಗೇ ಸುರಿಯುತ್ತದೆ. ತಳದಿಂದ ಗಾಳಿಗುಳ್ಳೆ ಬಿಡುವ ಯಂತ್ರವೂ ಸಿಗುತ್ತದೆ. ಆದರೆ ಅದು ಫೋಟೋದಲ್ಲಿ ಕಾಣುವುದಿಲ್ಲ, ಅದಕ್ಕೆ ಬಣ್ಣದ ದೀಪ ಬಿಡಲೂ ಬರುವುದಿಲ್ಲ. ಕಾರಂಜಿಯೇ ಗೆದ್ದಿತು. ಉದ್ಘಾಟನೆಯ ಬೆಳಿಗ್ಗೆ ತೇಲುತ್ತಿದ್ದ ಸತ್ತ ಮೀನುಗಳನ್ನು ಕೋಲಿನಿಂದ ಆಚೆ ದಡಕ್ಕೆ ತಳ್ಳಿದ್ದರಿಂದ ಸಮಾರಂಭ ಸಾಂಗವಾಗಿ ನೆರವೇರಿತು.

ಇನ್ನು ವಿಹಾರ. ಹಕ್ಕಿ ನೋಡುವವರಿಗೆ ಗಾಳ ಹಾಕುವವರು ಆಗದು, ಗಾಳ ಹಾಕುವವರಿಗೆ ಈಜುವವರು ಆಗದು, ಈಜುವವರಿಗೆ ಮೋಟಾರು ದೋಣಿ ಆಗದು, ಮೋಟಾರು ದೋಣಿಯವರಿಗೆ ಯಾರೂ ಆಗದು. ಸಮಿತಿ ವೇಳಾಪಟ್ಟಿ ಹಾಕಿ ಎಲ್ಲರನ್ನೂ ಸಮಾಧಾನಪಡಿಸಿತು. ಆಳವಿಲ್ಲದ ಕಡೆ ದೋಣಿ ಓಡಿಸಿದರೆ ಅದರ ಚಕ್ರ ತಳದ ಹೂಳನ್ನು ಕಲಕಿ, ಅದರಲ್ಲಿ ತೆಪ್ಪಗೆ ಕುಳಿತಿದ್ದ, ಪಾಚಿಗೆ ಗೊಬ್ಬರವಾಗುವ ರಂಜಕವನ್ನು (ಫಾಸ್ಫರಸ್) ಮತ್ತೆ ನೀರಿಗೆ ಎಬ್ಬಿಸುತ್ತದೆ. ಕೆಲವು ಜಲಕಳೆಗಳಂತೂ ತುಂಡಾದಷ್ಟೂ ಹೆಚ್ಚುತ್ತವೆ, ಒಂದೊಂದು ತುಂಡೂ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಅಂದರೆ ವಾರವಿಡೀ ಕಳೆ ಕೀಳುವ ಸ್ವಯಂಸೇವಕರು ಭಾನುವಾರ ಸಂಜೆ ಅದೇ ಕಳೆಯನ್ನು ದೋಣಿಯಲ್ಲಿ ಕೊಚ್ಚಿ ಕೆರೆತುಂಬ ಬಿತ್ತುತ್ತಾರೆ. ಕಿತ್ತ ಕಳೆಯನ್ನಾದರೂ ದೂರ ಸಾಗಿಸಿದರೇ ಎಂದರೆ, ಇಲ್ಲ. ದಡದಲ್ಲೇ ರಾಶಿ ಹಾಕಿದರು. ಮಳೆ ಬಂದು ರಾಶಿಯ ಸಾರವೆಲ್ಲ ಇಳಿದು ಸ್ವಸ್ಥಾನ ಸೇರಿತು.

ರಂಜಕದ ವಿಷಯ ಜಗತ್ತಿಗೆ ಹೊಸದಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ ಪ್ರಯೋಗಕ್ಕೆಂದೇ ಮೀಸಲಾದ ಕೆರೆಗಳಿವೆ. ಅವುಗಳಲ್ಲಿ 226 ಎಂಬ ಸಂಖ್ಯೆಯ ಕೆರೆಗೆ ನಡು ಸಣ್ಣ. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಆ ನಡುವಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಪರದೆ ಕಟ್ಟಿದರು. ಎರಡೂ ಬದಿಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಪಾಚಿಗಟ್ಟಿ ಹಸಿರಾಯಿತು, ಇನ್ನೊಂದು ಬದಿ ಕಪ್ಪಗೆ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಚಿತ್ರವನ್ನು ನೋಡಿದ ಮೇಲೆ ವಾದಕ್ಕೆ ಜಾಗವೇ ಇಲ್ಲ ಎಂದುಕೊಂಡು ಕಾರ್ಯದರ್ಶಿಗಳು ಅದನ್ನು ಸಭೆಗೆ ತಂದರು.

“ಹಸಿರು ಬದಿಯೇ ಚೆನ್ನಾಗಿದೆ, ಅಲ್ಲವೇ?” ಎಂದರು ಉದ್ಯಾನ ಉಪಸಮಿತಿಯವರು.

ಅವರನ್ನು ದೂರುವಂತಿಲ್ಲ. ಅವರ ಮನೆಯ ಹುಲ್ಲುಹಾಸು ಕೆರೆಯ ಅಂಚಿನವರೆಗೆ ಇಳಿಜಾರಾಗಿ ಚಾಚಿದೆ, ಮಳೆಗಾಲದ ಮುನ್ನ ಅದಕ್ಕೆ ಗೊಬ್ಬರ ಎರಚದಿದ್ದರೆ ಹುಲ್ಲು ಹಳದಿಯಾಗುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹುಲ್ಲಿಗೆ ಹಾಕಿದ ಗೊಬ್ಬರವೂ ಮೊದಲ ಮಳೆಗೇ ನೀರಿಗೆ ಬಂತು. ಈಗ ಹುಲ್ಲುಹಾಸು ಎಲ್ಲಿ ಮುಗಿಯಿತು, ಕೆರೆ ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ.

ನೀರಿನ ತಿಳಿಯನ್ನು ಅಳೆಯುವ ಸಾಧನವೊಂದಿದೆ. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆ್ಯಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಬಳಸಿದ್ದು. ಈಗ ಕೆರೆಗಳಿಗೆ ಬಳಸುವುದು 20 ಸೆಂಟಿಮೀಟರ್ ಅಗಲದ, ಕಾಲುಕಾಲು ಭಾಗಕ್ಕೆ ಕಪ್ಪು ಬಿಳಿ ಬಳಿದ ಬಿಲ್ಲೆ. ಹಗ್ಗ ಕಟ್ಟಿ ನೀರಿಗೆ ಇಳಿಬಿಡಬೇಕು, ಕಣ್ಮರೆಯಾದ ಕಡೆ ಆಳ ಗುರುತಿಸಬೇಕು, ಅಷ್ಟೇ. ಬೆಲೆಬಾಳುವ ಯಂತ್ರಗಳ ನಡುವೆಯೂ ಈ ಬಿಲ್ಲೆ ಇಂದಿಗೂ ಬಾಳುತ್ತಿರುವುದಕ್ಕೆ ಅದರ ಮುಗ್ಧತೆಯೇ ಕಾರಣವಿರಬೇಕು. ಕಾರ್ಯದರ್ಶಿಗಳು ದೋಣಿಯ ಅಂಚಿನಲ್ಲಿ ಬಗ್ಗಿ ಬಿಲ್ಲೆ ಇಳಿಸಿದರು. ಹಗ್ಗದ ಮೊದಲ ಗಂಟು ನೀರು ಮುಟ್ಟುವ ಮೊದಲೇ ಬಿಲ್ಲೆ ಮಾಯ. ಮತ್ತೆ ಎತ್ತಿ ಇಳಿಸಿದರು, ಮತ್ತೆ ಮಾಯ. ಬಿಲ್ಲೆಯ ಬಿಳಿಯ ಭಾಗ ಅಷ್ಟರಲ್ಲೇ ತಿಳಿಹಸಿರಾಗಿತ್ತು.

ಸಭೆ ಇದನ್ನು ಗಂಭೀರವಾಗಿಯೇ ಪರಿಗಣಿಸಿತು. ಗಂಟುಗಳನ್ನು ಹತ್ತಿರಹತ್ತಿರ ಹಾಕಿದರೆ ಲೆಕ್ಕ ಸುಧಾರಿಸುತ್ತದೆ ಎಂದು ಖಜಾಂಚಿಗಳು ಸೂಚಿಸಿದರು. ಬಿಲ್ಲೆಗೆ ಹೊಳೆಯುವ ಬಣ್ಣ ಬಳಿಯಬಹುದು ಎಂದರು ಮತ್ತೊಬ್ಬರು. ಮೂರನೆಯವರು ಒಂದು ಹೆಜ್ಜೆ ಮುಂದೆ ಹೋಗಿ ಕೆರೆಗೇ ನೀಲಿ ಬಣ್ಣ ಹಾಕೋಣ ಎಂದರು. ಇದು ನನ್ನ ಕುಚೋದ್ಯವಲ್ಲ. ಕೊಳಗಳಿಗೆಂದೇ ನೀಲಿ ಬಣ್ಣ ಮಾರುವವರು ನಿಜವಾಗಿಯೂ ಇದ್ದಾರೆ. ಬಿಸಿಲು ಒಳಗಿಳಿಯದಂತೆ ತಡೆದು ಪಾಚಿಯನ್ನು ತುಸು ತಗ್ಗಿಸುತ್ತದೆ ಎಂಬುದು ಅದರ ತರ್ಕ. ನೀಲಿಯ ಯಾವ ಛಾಯೆ ಎಂಬ ಬಗ್ಗೆ ಒಮ್ಮತ ಮೂಡದೆ ವಿಷಯ ಮುಂದಕ್ಕೆ ಹೋಯಿತು.

ವರ್ಷಕ್ಕೊಮ್ಮೆ ಸ್ವಚ್ಛತಾ ದಿನವೂ ನಡೆಯುತ್ತದೆ. ಕೆರೆಯಿಂದ ಹೆಕ್ಕಿದ ಪ್ಲಾಸ್ಟಿಕ್ಕಿಗೂ ಅಂದು ಹಂಚಿದ ಬಾಟಲಿ, ಕೈಗವಸು, ಬ್ಯಾನರುಗಳಿಗೂ ತೂಕದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ಕೊನೆಗೆ ಒಬ್ಬ ಹೊಸ ಸದಸ್ಯೆ, ಪಾಪ, ಪದ್ಧತಿ ತಿಳಿಯದವರು, ಅಮೆರಿಕದ ವಾಷಿಂಗ್ಟನ್ ಸರೋವರದ ಕಥೆ ತೆಗೆದರು. ಸಿಯಾಟಲ್ ಸುತ್ತಲಿನ ಊರುಗಳ ಒಳಚರಂಡಿ ನೀರು ಬಿದ್ದು ಅದೂ ಪಾಚಿಗಟ್ಟಿತ್ತು. ಅಲ್ಲಿಯವರು 1958ರಲ್ಲಿ ಮತ ಹಾಕಿ, ಖರ್ಚನ್ನು ತಾವೇ ಹೊತ್ತು, 1968ರ ಹೊತ್ತಿಗೆ ಆ ನೀರನ್ನೆಲ್ಲ ಬೇರೆಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಸರೋವರ ತಿಳಿಯಾಯಿತು. “ಆದ್ದರಿಂದ ನಾವೂ ಮೊದಲು ನಮ್ಮ ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕುಗಳನ್ನು ಪರೀಕ್ಷೆ ಮಾಡಿಸೋಣ” ಎಂದರು ಆಕೆ.

ಸಭೆಯಲ್ಲಿ ಕುರ್ಚಿಗಳು ಕದಲಿದವು. ಸಾಮಾನ್ಯ ಬಳಕೆಯ ಟ್ಯಾಂಕಿನ ತಳದಲ್ಲಿ ಕೂತ ಮಡ್ಡಿಯನ್ನು ಮೂರರಿಂದ ಐದು ವರ್ಷಕ್ಕೊಮ್ಮೆಯಾದರೂ ತೆಗೆಸಬೇಕು.

“ತಾಯಿ, ನಮ್ಮದಂತೂ ಕಟ್ಟಿಸಿದಾಗಿನಿಂದ ಒಮ್ಮೆಯೂ ತುಂಬಿಲ್ಲ” ಎಂದು ಉಪಾಧ್ಯಕ್ಷರು ಎದೆಯುಬ್ಬಿಸಿದರು. “ನಮ್ಮದೂ ಅಷ್ಟೇ” ಎಂದರು ಪಕ್ಕದವರು. “ನಮ್ಮ ತಂದೆಯವರ ಕಾಲದ್ದು, ಇನ್ನೂ ತುಂಬಿಲ್ಲ” ಎಂದರು ಮತ್ತೊಬ್ಬರು. ಚಪ್ಪಾಳೆ ಬಿತ್ತು. ಅಷ್ಟು ವರ್ಷಗಳ ಸರಕು ಎಲ್ಲಿಗೆ ಹೋಯಿತೆಂದು ಆಕೆ ಕೇಳಿದ್ದು ಚಪ್ಪಾಳೆಯಲ್ಲಿ ಕೇಳಿಸಲಿಲ್ಲ.

ಆದರೂ ಸಮಿತಿ ಪ್ರಜಾಸತ್ತಾತ್ಮಕವಾದುದರಿಂದ ಆಕೆಯ ಸಲಹೆಯನ್ನು ತಳ್ಳಿಹಾಕದೆ ಸೆಪ್ಟಿಕ್ ಟ್ಯಾಂಕ್ ಉಪಸಮಿತಿಯನ್ನು ರಚಿಸಲಾಯಿತು. ತಮ್ಮ ಟ್ಯಾಂಕಿನ ಮುಚ್ಚಳ ಅಂಗಳದ ಯಾವ ಮೂಲೆಯಲ್ಲಿದೆ ಎಂಬುದೇ ಗೊತ್ತಿಲ್ಲದ ಹಿರಿಯರೊಬ್ಬರನ್ನು, ಅವರ ದೀರ್ಘ ಅನುಭವವನ್ನು ಪರಿಗಣಿಸಿ, ಅದರ ಅಧ್ಯಕ್ಷರನ್ನಾಗಿ ಅವಿರೋಧವಾಗಿ ಆರಿಸಲಾಯಿತು.