ಪೋಸ್ಟರ್ ಬಂತು, ಊಟಕ್ಕೆ ಏಳಿ

ಮಂಗಳವಾರ ಬೆಳಿಗ್ಗೆ ಆರೂವರೆಗೇ ಫೋನ್ ಗುಂಯ್ ಅಂತು. ನಮ್ಮ ಗುಂಪಿನ 'ಅಪ್‌ಡೇಟ್' ಬರೆದಿದ್ದ: "ಇವತ್ತು 11 ಗಂಟೆ 7 ನಿಮಿಷಕ್ಕೆ ದೊಡ್ಡ ಸುದ್ದಿ. ಯಾರೂ ಮೀಟಿಂಗ್ ಇಟ್ಕೋಬೇಡ್ರೋ." ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಹತ್ತು ವರ್ಷದಿಂದ ಯಾವ ಸಿನಿಮಾದ ಯಾವ ಚೂರು ಯಾವತ್ತು ಬರುತ್ತದೆ ಅಂತ ನಮಗೆ ಹೇಳುತ್ತಿರುವವನು ಅವನೇ, ಹಾಗಾಗಿ ಹಳೇ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

11 ಗಂಟೆ 7 ನಿಮಿಷಕ್ಕೆ ನಾವು ಐದು ಜನ ಐದು ಆಫೀಸುಗಳಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದು ಕೂತೆವು. ಸುದ್ದಿ ಬಂತು. ಕಪ್ಪು ಹಿನ್ನೆಲೆ, ಒಂದಿಷ್ಟು ಹೊಗೆ, ಹೊಗೆಯ ಮಧ್ಯೆ ಒಂದು ಕೈ. ಕೆಳಗೆ ಸಣ್ಣ ಅಕ್ಷರದಲ್ಲಿ, ಟೀಸರ್ ದಿನಾಂಕವನ್ನು ಶುಕ್ರವಾರ ಪ್ರಕಟಿಸುತ್ತೇವೆ.

ಅಂದರೆ ಸುದ್ದಿ ಏನಪ್ಪಾ ಅಂದರೆ, ಸುದ್ದಿ ಯಾವತ್ತು ಅಂತ ಹೇಳುವ ಸುದ್ದಿ ಯಾವತ್ತು ಬರುತ್ತದೆ ಅನ್ನುವುದು. ಇದೇ ಮಾತನ್ನು ಗ್ಯಾಸ್ ಸಿಲಿಂಡರ್ ತರುವ ಹುಡುಗ ಹೇಳಿದ್ದರೆ ಗೇಟಿನ ಹತ್ತಿರವೇ ಜಗಳ ಆಗುತ್ತಿತ್ತು. ಅಪ್‌ಡೇಟ್ ಮಾತ್ರ ನಡುಗುವ ದನಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದ. "ಕೈ ನೋಡಿದ್ರೇನ್ರೋ? ಉಂಗುರ ಗಮನಿಸಿದ್ರಾ? ಕಥೆ ಪೂರ್ತಿ ಅದರಲ್ಲೇ ಇದೆ. ರಾತ್ರಿ ಸೇರಲೇಬೇಕು, ಮಾಮೂಲಿ ಜಾಗ."

ಮಾಮೂಲಿ ಜಾಗ ಅಂದರೆ ಗಾಂಧಿನಗರದ ಒಂದು ಮಿಲಿಟರಿ ಹೋಟೆಲ್. ಸಿನಿಮಾದವರು ಆಫೀಸು ಮಾಡಿಕೊಂಡ ಊರಿನ ಆ ಭಾಗದಲ್ಲೇ ಕೂತು ಸಿನಿಮಾ ಬಗ್ಗೆ ಮಾತಾಡಿದರೆ ನಾವೂ ಉದ್ಯಮದವರು ಅಂತ ಒಂದು ಭ್ರಮೆ. ಉಂಗುರದ ಬಗ್ಗೆ ಅವತ್ತು ರಾತ್ರಿ ಎರಡು ಗಂಟೆ ಚರ್ಚೆ ನಡೆಯಿತು. ಮುದ್ದೆ, ಬೋಟಿ ಗೊಜ್ಜು, ಎರಡು ಚಾಪ್ಸ್, ಮೂರು ದೊನ್ನೆ ಬಿರಿಯಾನಿ. ಉಂಗುರ ನಾಯಕನ ಸತ್ತ ಅಪ್ಪನದು ಅಂತ ತೀರ್ಮಾನವಾಯಿತು. ಆ ಕೈ ನಾಯಕನದೇ ಅಲ್ಲ ಅಂತ ಶುಕ್ರವಾರ ಗೊತ್ತಾಯಿತು. ಅದಕ್ಕೂ ಒಂದು ಊಟ.

ಮೊದಲು ಸಿನಿಮಾ ಬರುತ್ತದೆ ಅಂತ ಹೇಗೆ ಗೊತ್ತಾಗುತ್ತಿತ್ತು ನೆನಪಿದೆಯಾ? ಗೋಡೆ ಮೇಲೆ ಪೋಸ್ಟರ್, ಶುಕ್ರವಾರದ ಪೇಪರಿನಲ್ಲಿ ಜಾಹೀರಾತು, ಕೆ.ಜಿ. ರಸ್ತೆಯಲ್ಲಿ ಕಟೌಟ್ ಎದ್ದಿತು ಅಂದರೆ ಬಂತು ಅಂತ ಲೆಕ್ಕ. ಈಗ ಟೈಟಲ್ ಪೋಸ್ಟರ್ ಬೇರೆ, ಫಸ್ಟ್ ಲುಕ್ ಬೇರೆ, ಅದಾದ ಮೇಲೆ ಗ್ಲಿಂಪ್ಸ್, ಗ್ಲಿಂಪ್ಸ್‌ಗೂ ಟೀಸರ್‌ಗೂ ಏನು ವ್ಯತ್ಯಾಸ ಅಂತ ಕೇಳಿದರೆ ಅಪ್‌ಡೇಟ್ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾನೆ, ಆಮೇಲೆ ಹಾಡಿನ ಪ್ರೋಮೊ, ಹಾಡು, ಕುಂಬಳಕಾಯಿ ಒಡೆದ ಫೋಟೋ, ಟ್ರೇಲರ್, ಟ್ರೇಲರ್ ಬಿಡುಗಡೆ ಸಮಾರಂಭದ ಟ್ರೇಲರ್. ಪ್ರತಿಯೊಂದಕ್ಕೂ ಗಂಟೆ ನಿಮಿಷ ಸಮೇತ ಮುಹೂರ್ತ. ನನ್ನ ಮದುವೆ ಮುಹೂರ್ತ ಮುಕ್ಕಾಲು ಗಂಟೆ ತಡವಾಗಿತ್ತು, ಯಾರೂ ಟ್ರೆಂಡ್ ಮಾಡಲಿಲ್ಲ.

ಈ ಹುಚ್ಚು ನಮ್ಮ ಐದು ಜನಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ. 'ಕೆಜಿಎಫ್ 2' ಸಮಯ ನೆನಪು ಮಾಡಿಕೊಳ್ಳಿ. ಮೊದಲು 2020ರ ಅಕ್ಟೋಬರ್ 23 ಅಂದರು. ಕೊರೋನಾ ಬಂತು. ಆಮೇಲೆ 2021ರ ಜುಲೈ 16 ಅಂದರು. ಆಗ ಅಭಿಮಾನಿಗಳು ಆ ದಿನ ರಾಷ್ಟ್ರೀಯ ರಜೆ ಘೋಷಿಸಿ ಅಂತ ಪ್ರಧಾನ ಮಂತ್ರಿಗಳಿಗೇ ಪತ್ರ ಬರೆದರು! ರಜೆ ಸಿಗಲಿಲ್ಲ. ಸಿಕ್ಕಿದ್ದರೆ ತಮಾಷೆ ಇರುತ್ತಿತ್ತು, ಯಾಕೆಂದರೆ ಆ ಶುಕ್ರವಾರ ಕರ್ನಾಟಕದಲ್ಲಿ ಥಿಯೇಟರುಗಳ ಬಾಗಿಲೇ ತೆಗೆದಿರಲಿಲ್ಲ. ಅರ್ಧ ಸೀಟು ಭರ್ತಿ ಮಾಡಿ ಅಂತ ಅನುಮತಿ ಸಿಕ್ಕಿದ್ದು ಸೋಮವಾರದಿಂದ. ಇಡೀ ದೇಶ ರಜೆ ಹಾಕಿಕೊಂಡು ಮುಚ್ಚಿದ ಗೇಟಿಗೆ ಹಾಲಿನ ಅಭಿಷೇಕ ಮಾಡಬೇಕಾಗಿತ್ತು. ಕೊನೆಗೆ ಸಿನಿಮಾ ಬಂದಿದ್ದು 2022ರ ಏಪ್ರಿಲ್ 14ಕ್ಕೆ. ಆ ದಿನ ಅಂಬೇಡ್ಕರ್ ಜಯಂತಿ, ಹೇಗೂ ರಜೆ ಇತ್ತು. ಪತ್ರದ ಅಂಚೆ ಖರ್ಚು ದಂಡ.

ಸರ್ಕಾರವೂ ಈ ವಿದ್ಯೆಯನ್ನು ಕಲಿತಿದೆ. ಟಿಕೆಟ್ ಬೆಲೆ 200 ರೂಪಾಯಿ ದಾಟಬಾರದು ಅನ್ನುವ ಮಾತು 2017ರ ಬಜೆಟ್‌ನಲ್ಲೇ ಬಂದಿತ್ತು. ಅದು ಟೀಸರ್. 2025ರ ಬಜೆಟ್‌ನಲ್ಲಿ ಮತ್ತೆ ಬಂತು, ಟ್ರೇಲರ್ ಅನ್ನೋಣ. ಸೆಪ್ಟೆಂಬರ್ 12ಕ್ಕೆ ಅಧಿಸೂಚನೆ ಹೊರಟು ಅದ್ದೂರಿ ಬಿಡುಗಡೆ ಆಯಿತು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಎಂಟು ವರ್ಷದ ಪ್ರಚಾರ, ಹನ್ನೊಂದು ದಿನದ ಪ್ರದರ್ಶನ. ಅಷ್ಟರಲ್ಲಿ ನಾವು ಟಿಕೆಟ್ ಅಗ್ಗವಾದ ಖುಷಿಗೆ ಒಂದು ಊಟ ಮುಗಿಸಿದ್ದೆವು. ನಮ್ಮಲ್ಲಿ ಲೆಕ್ಕ ಇಡುವವನು ಒಬ್ಬನಿದ್ದಾನೆ, ಬಿಲ್ ಮಾಮ. ಅವನು ಕೈ ಬಾಳೆಎಲೆಗೆ ತಾಗದ ಹಾಗೆ ಫೋನ್ ಎತ್ತಿ ಲೆಕ್ಕ ಹಾಕಿದ: "200 ಅಂದ್ರೆ ತೆರಿಗೆ ಬಿಟ್ಟು. 18 ಪರ್ಸೆಂಟ್ ಸೇರಿಸಿದ್ರೆ 236. ಐದು ಜನಕ್ಕೆ 1,180. ಈಗ ತಿಂದಿದ್ದು 2,340." ಯಾರೂ ಮಾತಾಡಲಿಲ್ಲ. ತಡೆ ಬಂದ ದಿನ ದುಃಖಕ್ಕೆ ಸೇರಿದೆವು. ದುಃಖದಲ್ಲಿ ಸ್ವಲ್ಪ ಜಾಸ್ತಿಯೇ ತಿಂದೆವು, 2,610.

(ಪಾಪ್‌ಕಾರ್ನ್ ವಿಷಯ ಕೇಳಲೇಬೇಡಿ. ಉಪ್ಪು ಖಾರ ಹಾಕಿದ ಬಿಡಿ ಪಾಪ್‌ಕಾರ್ನ್‌ಗೆ 5, ಪ್ಯಾಕೆಟ್ ಮಾಡಿ ಲೇಬಲ್ ಅಂಟಿಸಿದರೆ 12, ಕ್ಯಾರಮೆಲ್ ಸವರಿದರೆ 18 ಪರ್ಸೆಂಟ್ ಅಂತ 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ವಿವರಿಸಿದಾಗ ಬಿಲ್ ಮಾಮ ಮೂರು ದಿನ ಬಹಳ ಸಂತೋಷವಾಗಿದ್ದ.)

ಆದರೆ ನಮ್ಮ ಗುಂಪು ಒಡೆಯುವ ಹಂತಕ್ಕೆ ಹೋಗಿದ್ದು ಅದೇ ಸೆಪ್ಟೆಂಬರಿನಲ್ಲಿ. 'ಕಾಂತಾರ ಚಾಪ್ಟರ್ 1' ಟ್ರೇಲರ್ ಬಂದ ಖುಷಿಗೆ ಸೇರಿದ್ದೆವು. ಎಲೆಗೆ ತಲೆಮಾಂಸ ಬಿದ್ದಿತ್ತು. ಆಗಲೇ ಅಪ್‌ಡೇಟ್ ಫೋನಿಗೆ ಒಂದು ಪೋಸ್ಟರ್ ಬಂತು: ಸಿನಿಮಾ ನೋಡುವ ತನಕ ಕುಡಿಯಬಾರದು, ಸೇದಬಾರದು, ಮಾಂಸ ತಿನ್ನಬಾರದು. ಅವನು ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಓದಿದ. ತುತ್ತು ಕೆಳಗಿಟ್ಟ. "ನಾನು ತಿನ್ನಲ್ಲ" ಅಂದ. ಬಿಲ್ ಮಾಮ "ಬಿಲ್ ಐದು ಭಾಗವೇ" ಅಂದ. ನಮ್ಮಲ್ಲಿ ಒಬ್ಬ ಹುಟ್ಟಾ ಸಸ್ಯಾಹಾರಿ, ಆರು ವರ್ಷದಿಂದ ಆ ಹೋಟೆಲಿನಲ್ಲಿ ಅನ್ನ ಮೊಸರು ತಿಂದುಕೊಂಡು ನಮ್ಮ ಜೊತೆ ಕೂತಿದ್ದವನು, ಅವನ ಮುಖದಲ್ಲಿ ಅವತ್ತು ಕಂಡ ತೇಜಸ್ಸನ್ನು ನಾನು ಮರೆಯುವುದಿಲ್ಲ. ಆಗಲೇ ತಿಂದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಸೂಪು ಮಾಂಸವೋ ಅಲ್ಲವೋ, ಮೊಟ್ಟೆ ಯಾವ ಕಡೆ. ಅರ್ಧ ರಾತ್ರಿ ಅದೇ ವಾದ.

ಪೋಸ್ಟರ್ ಸುಳ್ಳು, ನಮಗೂ ಅದಕ್ಕೂ ಸಂಬಂಧ ಇಲ್ಲ, ಯಾರು ಏನು ತಿನ್ನುತ್ತಾರೋ ಅದು ಅವರವರ ವಿಷಯ ಅಂತ ರಿಷಬ್ ಶೆಟ್ಟರೇ ಸ್ಪಷ್ಟವಾಗಿ ಹೇಳಿದರು. ಅಪ್‌ಡೇಟ್ ನಂಬಲಿಲ್ಲ. ಯಾರೋ ಮನೆಯಲ್ಲಿ ಕೂತು ಮಾಡಿದ ಪೋಸ್ಟರನ್ನು ತಕ್ಷಣ ನಂಬಿದವನು ಸಿನಿಮಾ ಮಾಡಿದವರ ಮಾತಿಗೆ ಸಾಕ್ಷಿ ಕೇಳಿದ. ಇದರಲ್ಲಿ ನನಗೆ ಇಷ್ಟವಾದ ವಿಷಯ ಬೇರೆಯೇ ಇದೆ. ಸಿನಿಮಾ ಬಂದಿದ್ದು ಅಕ್ಟೋಬರ್ 2ಕ್ಕೆ. ಗಾಂಧಿ ಜಯಂತಿ. ಅವತ್ತು ಬೆಂಗಳೂರಿನಲ್ಲಿ ಮಾಂಸದಂಗಡಿಯೂ ಬಂದ್, ಎಣ್ಣೆ ಅಂಗಡಿಯೂ ಬಂದ್. ಸುಳ್ಳು ಪೋಸ್ಟರ್ ಮಾಡಿದ ಪುಣ್ಯಾತ್ಮ ಗೋಡೆ ಕ್ಯಾಲೆಂಡರನ್ನು ಒಮ್ಮೆ ನೋಡಿದ್ದರೂ ಅಷ್ಟು ಕಷ್ಟಪಡಬೇಕಿರಲಿಲ್ಲ, ಅಲ್ವಾ?

ಸರಿ, ಉಂಗುರದ ಸಿನಿಮಾ ಏನಾಯಿತು ಅಂತ ಕೇಳುತ್ತೀರಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅವರ ಅಭಿಮಾನಿಗಳು ನನ್ನ ಮನೆಯ ವಿಳಾಸವನ್ನೇ ಟ್ರೆಂಡ್ ಮಾಡುತ್ತಾರೆ. ಎರಡು ವರ್ಷದಲ್ಲಿ ಮೂರು ಸಲ ಮುಂದಕ್ಕೆ ಹೋಗಿ ಬಂತು. ಅಷ್ಟು ಹೊತ್ತಿಗೆ ಬಿಲ್ ಮಾಮನ ಲೆಕ್ಕದಲ್ಲಿ ಆ ಒಂದು ಸಿನಿಮಾಗೆ ಹದಿನಾಲ್ಕು ಊಟ, ಒಟ್ಟು 33,480 ರೂಪಾಯಿ. ಬಿಡುಗಡೆ ದಿನ ಒಬ್ಬನಿಗೆ ಆಡಿಟ್, ಒಬ್ಬನ ಮಗಳಿಗೆ ಪರೀಕ್ಷೆ, ನನಗೆ ಹಲ್ಲುನೋವು. ಎಲ್ಲರೂ ಒಟ್ಟಿಗೇ ನೋಡಬೇಕು ಅಂತ ಅಪ್‌ಡೇಟ್ ಹಠ ಹಿಡಿದ. ಮುಂದಿನ ವಾರ ಹೋಗೋಣ ಅಂದೆವು. ಮುಂದಿನ ವಾರ ಶೋಗಳು ಕಡಿಮೆಯಾದವು, ಅದರ ಮುಂದಿನ ವಾರ ಬೆಳಗಿನ ಒಂದೇ ಶೋ, ಅದೂ ಊರಾಚೆ.

ಮೂರನೇ ವಾರ ಅದರ ಬಗ್ಗೆ ಚರ್ಚಿಸಲು ಮಾಮೂಲಿ ಜಾಗದಲ್ಲಿ ಸೇರಿದೆವು. ಎರಡು ವರ್ಷದಿಂದ ನಮ್ಮ ಮಾತನ್ನು ಕೇಳಿಸಿಕೊಂಡು ಬಡಿಸುತ್ತಿದ್ದ ಸಪ್ಲೈಯರ್ ಮುದ್ದೆ ಇಡುತ್ತಾ, "ಸಾರ್, ಪಿಕ್ಚರ್ ಹೆಂಗನ್ನಿಸ್ತು?" ಅಂತ ಕೇಳಿದ. ನಾವು ಎಲೆ ನೋಡಿದೆವು. ಅವನು ಸಿನಿಮಾ ಬಂದ ದಿನವೇ ಮಾಗಡಿ ರೋಡಿನಲ್ಲಿ ಸೆಕೆಂಡ್ ಶೋಗೆ ಹೋಗಿ ನೋಡಿಬಿಟ್ಟಿದ್ದನಂತೆ. "ಆ ಉಂಗುರ ಇತ್ತಲ್ಲ ಸಾರ್, ನೀವು ಅವತ್ತು ಹೇಳ್ತಿದ್ರಲ್ಲ, ಅದು ಲಾಸ್ಟಲ್ಲಿ..."

ಅಪ್‌ಡೇಟ್ ಸಾರಿನ ಕೈಯಲ್ಲೇ ಎರಡೂ ಕಿವಿ ಮುಚ್ಚಿಕೊಂಡು ಕೂಗಿದ: "ಕ್ಲೈಮ್ಯಾಕ್ಸ್ ಹೇಳ್ಬೇಡಪ್ಪಾ!"

"ಆಯ್ತು ಬಿಡಿ ಸಾರ್" ಅಂತ ಅವನು ಇನ್ನೊಂದು ಸೌಟು ಸಾರು ಬಿಟ್ಟು ಹೋದ.