ಎಂಟರ್ ಒತ್ತಿ ಕೆಟ್ಟೆ

ಹೋದ ತಿಂಗಳು ನಮ್ಮ ಮಾವನವರನ್ನು ನಾನೇ ಕೈಯಾರೆ ಸಾಯಿಸಿದೆ. ಆಯುಧ, ಎಂಟರ್ ಕೀ.

ಮಾವನವರು ಕಾಶಿಗೆ ಹೊರಟಿದ್ದರು. ಬೆಳಿಗ್ಗೆ ಅವರನ್ನು ರೈಲು ಹತ್ತಿಸಿ ಪೀಣ್ಯದ ನಮ್ಮ ಆಫೀಸಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ತಡವಾಗಿತ್ತು. ಆಫೀಸಿನ ಚಾಟ್ ಗುಂಪಿನಲ್ಲಿ ಒಂದು ಕ್ಷಮೆ ಹಾಕೋಣ ಅಂತ ಕೂತೆ. ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವವರು. 'ಸರ್, ಕ್ಷಮಿಸಿ, ನಮ್ಮ ಮಾವನವರು ಬೆಳಿಗ್ಗೆ ಹೋಗಿಬಿಟ್ಟರು' ಅಂತ ಬರೆಯುವ ಹೊತ್ತಿಗೆ ಆ ಪುಟ್ಟ ಡಬ್ಬಿಯಲ್ಲಿ ಸಾಲು ಮುಗಿಯಿತು. ಸಾಲು ಮುಗಿದ ಮೇಲೆ ಮಾಡುವುದೇನು? ಎಂಟರ್ ಒತ್ತಿದೆ. ಮುಂದಿನ ಸಾಲಿನಲ್ಲಿ 'ಕಾಶಿಗೆ' ಅಂತ ಬರೆಯುವುದಿತ್ತು.

'ಕಾಶಿ'ಯ ದೀರ್ಘ ಹಾಕುವಷ್ಟರಲ್ಲಿ ಮೊದಲ 'ಓಂ ಶಾಂತಿ' ಬಂತು. ಹಿಂದೆಯೇ ಜೋಡಿಸಿದ ಕೈಗಳು ಸಾಲುಗಟ್ಟಿದವು. ಅದನ್ನು ಸರಿಮಾಡುವ ಮೊದಲೇ ಹೊಸೂರಿನ ಘಟಕದಿಂದ ಮ್ಯಾನೇಜರ ಫೋನು.

"ಯಾವಾಗಾಯ್ತು ರೀ?"

"ಆರೂವರೆಗೆ ಸರ್."

"ಹೇಗೆ?"

"ರೈಲಲ್ಲಿ ಸರ್."

"ಛೇ ಛೇ, ರೈಲಲ್ಲೇ? ಜೊತೆಗೆ ಯಾರಿದ್ರು?"

"ನಮ್ಮ ಬೀದಿಯವರೇ ಎಂಟು ಜನ ಸರ್. ಭಜನೆ ಮಾಡ್ಕೊಂಡೇ ಹೋದ್ರು."

"ಪುಣ್ಯಾತ್ಮರು ಬಿಡಿ."

"ಹೌದು ಸರ್. ಹದಿನೈದು ದಿನಕ್ಕೆ ವಾಪಸ್ ಬರ್ತಾರೆ."

ಆ ಕಡೆ ಸದ್ದೇ ಇಲ್ಲ. ದುಃಖದಲ್ಲಿ ನನಗೆ ತಲೆ ಕೆಟ್ಟಿದೆ ಅಂತ ಅವರು ತೀರ್ಮಾನಿಸಿದ್ದರು ಅನ್ನಿಸುತ್ತದೆ. "ಮೂರು ದಿನ ರಜ ತಗೊಳ್ರಿ" ಅಂದು ಫೋನಿಟ್ಟರು. ನಿಜ ಹೇಳಬೇಕೆಂದರೆ, ಆ ಮೂರು ದಿನದ ಆಸೆಗೆ ನಾನು ಒಂದರ್ಧ ನಿಮಿಷ ಸುಮ್ಮನಿದ್ದೆ.

ತಪ್ಪು ನನ್ನದಲ್ಲ, ಬೆರಳಿನದು. ನಾನು ಟೈಪಿಂಗ್ ಕಲಿತದ್ದು 1994ರಲ್ಲಿ, ತಿಪಟೂರಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ. ಸಾಲಿನ ಕೊನೆ ಹತ್ತಿರ ಬಂದರೆ ಟಣ್ ಅಂತ ಗಂಟೆ. ಎಡಗೈಯಿಂದ ಲಿವರ್ ಹಿಡಿದು ಸರಕ್ಕನೆ ತಳ್ಳಿದರೆ ಹೊಸ ಸಾಲು. ಆ ಲಿವರಿಗೆ ಜೀವನದಲ್ಲಿ ಅದೊಂದೇ ಕೆಲಸ. ಅದನ್ನು ತಳ್ಳಿದ್ದಕ್ಕೆ ಯಾರದೋ ಮಾವ ಸತ್ತ ಸುದ್ದಿ ತಿಪಟೂರಿನಲ್ಲಿ ನಾನು ಕೇಳಿಲ್ಲ.

ನಮ್ಮ ಆಫೀಸಿನಲ್ಲಿರುವುದು ಒಂದೇ ಕಂಪನಿಯ ಸಾಫ್ಟ್‌ವೇರ್ ಸೂಟು. ಹೆಸರು ಬೇಡ, ನನ್ನ ಸಂಬಳದ ಲೆಕ್ಕ ಅದರೊಳಗೇ ಇದೆ. ಪತ್ರ ಬರೆಯುವುದು, ಲೆಕ್ಕದ ಹಾಳೆ, ಮೇಲ್, ಚಾಟ್ ಎಲ್ಲ ಒಂದೇ ತಾಯಿಯ ಮಕ್ಕಳು. ಎಂಟರ್ ವಿಷಯ ಬಂದರೆ ಮಾತ್ರ ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಪತ್ರದಲ್ಲಿ ಎಂಟರ್ ಅಂದರೆ ಹೊಸ ಸಾಲು. ಹಾಳೆಯಲ್ಲಿ ಕೆಳಗಿನ ಮನೆಗೆ ಹಾರುತ್ತದೆ. ಅದೇ ಮನೆಯಲ್ಲಿ ಹೊಸ ಸಾಲು ಬೇಕೆಂದರೆ ಆಲ್ಟ್ ಹಿಡಿಯಬೇಕು. ಚಾಟಿನಲ್ಲಿ ಎಂಟರ್ ಅಂದರೆ ಬಾಯಿಂದ ಬಿದ್ದ ಮಾತು, ಹೊಸ ಸಾಲಿಗೆ ಶಿಫ್ಟ್ ಹಿಡಿಯಬೇಕು. ಇನ್ನು ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ ಪತ್ರದಲ್ಲಿ ಹೊಸ ಪುಟ, ಮೇಲಿನಲ್ಲಿ ಟಪಾಲು ಹೊರಟೇಹೋಯಿತು! ಬಾಕಿ ವಸೂಲಿಗೆಂದು ಒಬ್ಬ ಗಿರಾಕಿಗೆ 'ನೀವು ಹೀಗೇ ಮಾಡುತ್ತಿದ್ದರೆ ನಾವು' ಅನ್ನುವವರೆಗೆ ಮಾತ್ರ ನಾನು ಕಳಿಸಿದ ಮೇಲ್ ಒಂದಿದೆ. ಮರುದಿನವೇ ಪೂರ್ತಿ ಹಣ ಬಂತು. ಪೂರ್ತಿ ಬರೆದಿದ್ದರೆ ಬರುತ್ತಿರಲಿಲ್ಲ ಅಂತ ನನ್ನ ಅನುಮಾನ.

ಕಂಟ್ರೋಲ್ ಎಫ್ ಕಥೆಯೂ ಇದೇ. ಪತ್ರದಲ್ಲಿ, ಹಾಳೆಯಲ್ಲಿ ಅದು ಹುಡುಕುತ್ತದೆ. ಮೇಲಿನಲ್ಲಿ ಒತ್ತಿದರೆ ಬಂದ ಪತ್ರವನ್ನು ಇನ್ನೊಬ್ಬರಿಗೆ ದಾಟಿಸಲು ತಯಾರಾಗಿ ನಿಲ್ಲುತ್ತದೆ. ಯಾರ ಹೆಸರು ಹುಡುಕಲು ಹೊರಟಿದ್ದೆನೋ ಆ ಹೆಸರನ್ನು ನಾನು ನೀಟಾಗಿ ವಿಳಾಸದ ಜಾಗದಲ್ಲಿ ಬರೆದಿರುತ್ತೇನೆ.

ಈ ಕಾಯಿಲೆಯನ್ನು ಗುರುತಿಸಿದ ಪುಣ್ಯಾತ್ಮರೊಬ್ಬರಿದ್ದರು, ಲ್ಯಾರಿ ಟೆಸ್ಲರ್. ಅಮೆರಿಕದ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಟಿಮ್ ಮಾಟ್ ಜೊತೆ ಸೇರಿ ನಮಗೆ ಕಟ್, ಕಾಪಿ, ಪೇಸ್ಟ್ ಮಾಡಿಕೊಟ್ಟವರು. ಒಂದೇ ಕೀ ಒಮ್ಮೆ ಒಂದು ಕೆಲಸ, ಇನ್ನೊಮ್ಮೆ ಇನ್ನೊಂದು ಕೆಲಸ ಮಾಡಿದರೆ ಅವರಿಗೆ ಮೈ ಉರಿಯುತ್ತಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ 'ಮೋಡ್' ಅನ್ನುತ್ತಾರೆ. ಅವರ ಕಾರಿನ ನಂಬರ್ ಪ್ಲೇಟಿನ ಮೇಲೇ 'ನೋ ಮೋಡ್ಸ್' ಅಂತ ಇತ್ತು. 2020ರಲ್ಲಿ ತೀರಿಕೊಂಡರು. ನಮ್ಮ ಮಾವನವರ ಹಾಗಲ್ಲ, ನಿಜವಾಗಿ.

ಆಫೀಸು ಬಿಟ್ಟರೆ ಪಾರಾದೆವು ಅನ್ನುವ ಹಾಗೂ ಇಲ್ಲ. ಜೇಬಿನಲ್ಲಿರುವ ಫೋನನ್ನೇ ತೆಗೆಯಿರಿ. ನಂಬರ್ ಒತ್ತುವ ಪರದೆಯಲ್ಲಿ ಮೇಲಿನ ಸಾಲು 1, 2, 3. ಅದನ್ನು ಮುಚ್ಚಿ ಕ್ಯಾಲ್ಕುಲೇಟರ್ ತೆರೆಯಿರಿ. ಮೇಲಿನ ಸಾಲು 7, 8, 9. ಒಂದೇ ಫೋನು, ಒಂದೇ ಹೆಬ್ಬೆರಳು, ಅಂಕಿಗಳು ತಲೆಕೆಳಗು! ಲೆಕ್ಕದ ಯಂತ್ರಗಳು 7, 8, 9 ಮೇಲಿಟ್ಟುಕೊಂಡು ಬಂದವು. ಒತ್ತುಗುಂಡಿಯ ಟೆಲಿಫೋನು ಮಾಡುವಾಗ ಬೆಲ್ ಪ್ರಯೋಗಾಲಯದವರು ಅಂಕಿಗಳನ್ನು ವೃತ್ತದಲ್ಲಿ, ಎರಡು ಸಾಲಿನಲ್ಲಿ, ಹೀಗೆ ಹಲವು ಥರ ಜೋಡಿಸಿ ಜನರ ಕೈಯಲ್ಲಿ ಒತ್ತಿಸಿ ನೋಡಿದರು. 1960ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಗೆ 1, 2, 3 ಮೇಲಿರುವ ಜೋಡಣೆಯನ್ನೇ ಆರಿಸಿಕೊಂಡರು. 1963ರಲ್ಲಿ ಫೋನು ಬಂತು. ಇಬ್ಬರೂ ತಮ್ಮ ತಮ್ಮ ಪಾಡಿಗೆ ಸರಿಯೇ. ಅರವತ್ತು ವರ್ಷದ ಮೇಲೆ ಇಬ್ಬರೂ ಒಂದೇ ಜೇಬಿನಲ್ಲಿ ಬಾಡಿಗೆಗೆ ಇರುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ನಾನೋ ಅಕೌಂಟ್ಸ್‌ನವನು. ಕೀಬೋರ್ಡಿನ ಬಲಗಡೆಯ ಅಂಕಿಗಳು ನನಗೆ ನಿದ್ದೆಯಲ್ಲೂ ಬರುತ್ತವೆ. ಅಲ್ಲಿ 7, 8, 9 ಮೇಲೆ. ಹೋದ ಶನಿವಾರ ದಿನಸಿ ಅಂಗಡಿಯಲ್ಲಿ 1280 ರೂಪಾಯಿ ಬಿಲ್ಲಾಯಿತು. ಕ್ಯೂಆರ್ ಹಿಡಿದು, ಪಕ್ಕದಲ್ಲಿ ನನ್ನಾಕೆ ತೊಗರಿಬೇಳೆಯ ರೇಟಿನ ಬಗ್ಗೆ ಹೇಳುತ್ತಿದ್ದುದಕ್ಕೆ ತಲೆಯಾಡಿಸುತ್ತಾ ಮೊತ್ತ ಹೊಡೆದೆ. ಪಿನ್ ನೋಡಿಯೇ ಒತ್ತಿದೆ. ಮೊತ್ತವನ್ನು ಬೆರಳು ನೋಡಿಕೊಂಡಿತ್ತಲ್ಲ, ಮತ್ತೆ ನಾನ್ಯಾಕೆ ನೋಡಲಿ?

ಅಂಗಡಿಯ ಕಟ್ಟೆ ಮೇಲಿದ್ದ ಪೆಟ್ಟಿಗೆ ಹೆಣ್ಣುದನಿಯಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಸಾರಿತು: "ಏಳು ಸಾವಿರದ ಎಂಟು ನೂರ ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ."

1 ಇರಬೇಕಾದ ಕಡೆ 7, 2 ಇರಬೇಕಾದ ಕಡೆ 8, 8ರ ಕಡೆ 2. ಸೊನ್ನೆ ಮಾತ್ರ ಎರಡೂ ಕಡೆ ತಳದಲ್ಲೇ ಇದ್ದು ಮರ್ಯಾದೆ ಉಳಿಸಿತು. ಅಂಗಡಿಯ ಶೆಟ್ರು ಪೆಟ್ಟಿಗೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ಇನ್ನೇನಾದ್ರೂ ಕಟ್ಟಿಸಲಾ ಸರ್?" ಅಂದರು. ನನ್ನಾಕೆ ತೊಗರಿಬೇಳೆ ವಿಷಯ ಅಲ್ಲಿಗೇ ನಿಲ್ಲಿಸಿದಳು. ಉಳಿದ ಹಣ ವಾಪಸ್ ಬಂತು ಬಿಡಿ. ಆದರೆ ಈಗ ಏನು ಕೊಳ್ಳುವುದಿದ್ದರೂ ಫೋನು ಅವಳ ಕೈಯಲ್ಲೇ ಇರುತ್ತದೆ.

ಸೋಮವಾರ ಆಫೀಸಿಗೆ ಹೋದವನೇ ಐಟಿ ಹುಡುಗನನ್ನು ಕರೆದೆ. "ನೋಡಪ್ಪಾ, ಈ ಎಂಟರ್ ಎಲ್ಲಾ ಕಡೆ ಒಂದೇ ಥರ ಇರೋ ಹಾಗೆ ಮಾಡಿಕೊಡು, ಪುಣ್ಯ ಬರುತ್ತೆ."

"ಅದಕ್ಕೇನು ಸರ್, ಸೆಟ್ಟಿಂಗ್ಸಲ್ಲಿ ಇರುತ್ತೆ" ಅಂದ.

"ಸೆಟ್ಟಿಂಗ್ಸ್ ಎಲ್ಲಿದೆ?"

"ಪತ್ರದಲ್ಲಿ ಫೈಲ್ ಅಂತ ಇದೆಯಲ್ಲ, ಅದರ ಒಳಗೆ. ಚಾಟಲ್ಲಿ ಮೂರು ಚುಕ್ಕಿ ಒತ್ತಿ. ಮೇಲಲ್ಲಿ ಚಕ್ರದ ಚಿತ್ರ. ರಜೆ ಹಾಕೋದರಲ್ಲಿ ನಿಮ್ಮ ಫೋಟೋ ಮೇಲೇ ಒತ್ತಬೇಕು ಸರ್."

"ನನ್ನ ಫೋಟೋ ಮೇಲಾ?"

"ಹ್ಞೂಂ ಸರ್. ನಿಮ್ಮ ಮುಖವೇ ಬಟನ್."

ಇಪ್ಪತ್ತು ನಿಮಿಷ ಕೂತು ಏನೇನೋ ಒತ್ತಿದ. ಕನ್ನಡದಲ್ಲೇ ಇರಲಿ ಅಂತ ನಾನೇ ಹಿಂದೊಮ್ಮೆ ಭಾಷೆ ಬದಲಾಯಿಸಿಕೊಂಡಿದ್ದೆ. ಹೊರಬರುವಾಗ ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು.

'ಬದಲಾವಣೆಗಳನ್ನು ರದ್ದು ಮಾಡಬೇಕೇ?'

ಕೆಳಗೆ ಎರಡು ಗುಂಡಿ. ಒಂದು 'ಸರಿ'. ಇನ್ನೊಂದು 'ರದ್ದು ಮಾಡಿ'.

ಹುಡುಗ ಬಾಣವನ್ನು 'ಸರಿ' ಮೇಲೆ ಒಯ್ದ. ನಿಲ್ಲಿಸಿದ. 'ರದ್ದು ಮಾಡಿ' ಮೇಲೆ ಒಯ್ದ. ಮತ್ತೆ ನಿಲ್ಲಿಸಿದ. ಆಮೇಲೆ ಮೌಸಿನಿಂದ ಕೈ ತೆಗೆದು ನನ್ನ ಮುಖ ನೋಡಿ, "ಸರ್, ಎಂಟರ್ ಒತ್ತಲಾ?" ಅಂದ.