ಎರಡು ಚಂದ್ರ ಇರುವ ಊರಿನ ಸಂಕಷ್ಟಿ

ಲೋಟ ಇಟ್ಟವನು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ಊಟದ ಟೇಬಲ್ಲಿನ ಆ ಮೂಲೆಯಲ್ಲಿ 20 ವರ್ಷದಿಂದ ನಾನು ಕಾಫಿ ಲೋಟ ಇಡುತ್ತಾ ಬಂದಿದ್ದೇನೆ. ಒಂದು ಶನಿವಾರ ಸಂಜೆ ಅಲ್ಲಿ ಇದ್ದಕ್ಕಿದ್ದ ಹಾಗೆ ಇಡೀ ಖಂಡವೊಂದು ಬಂದು ಮಲಗಿರುತ್ತದೆ ಅಂತ ನನಗೇನು ಕನಸು ಬಿದ್ದಿತ್ತಾ? (ಇಡೀ ಖಂಡ ಅಲ್ಲ, ಅದರ ಪೂರ್ವದ ಭಾಗ ಮಾತ್ರ ಅಂತ ಆಮೇಲೆ ನನ್ನನ್ನು ತಿದ್ದಿದರು.)

"ಮಾಮಾ!" ಅಂತ ಅಕ್ಕನ ಮಗ ಕಿರುಚಿದ್ದಕ್ಕೆ ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಲೋಟ ಎತ್ತಿದರೆ ಕೆಳಗೆ ಕಂದು ಬಣ್ಣದ ಗುಂಡನೆಯ ಗುರುತು, ಬಳೆಯ ಹಾಗೆ. ಬಿದ್ದದ್ದು ಹುಡುಗರ ಆಟದ ನಕ್ಷೆಯಲ್ಲಿ ‘ಸೀ ಆಫ್ ಡಸ್ಟ್’ ಅನ್ನುವ ಜಾಗದ ಮೇಲೆ. ಧೂಳಿನ ಸಮುದ್ರಕ್ಕೆ ನಾಲ್ಕು ಹನಿ ಕಾಫಿ ಬಿದ್ದರೆ ಒಳ್ಳೆಯದೇ ಆಯಿತಲ್ಲ ಅಂದೆ. ಐದು ಹುಡುಗರಲ್ಲಿ ಒಬ್ಬರೂ ನಗಲಿಲ್ಲ. "ಪರವಾಗಿಲ್ಲ ಬಿಡಿ ನಾಗರಾಜ್ ಅಂಕಲ್" ಅಂದ ಒಬ್ಬ. ಸಾವಿನ ಮನೆಯಲ್ಲಿ ಮಾತಾಡುವ ಧ್ವನಿ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಂದು ಕಾಲ್ಪನಿಕ ಲೋಕದೊಳಗೆ ಪಾತ್ರಗಳಾಗಿ ಬಾಯಿಮಾತಲ್ಲೇ ಅಲೆಯುವ ಆಟ. ನಕ್ಷೆ ಬಂದ ಪೆಟ್ಟಿಗೆ ಹಾಗಂದವನ ದೊಡ್ಡಪ್ಪನದು. ಅಮೆರಿಕದಲ್ಲಿ ಓದುವಾಗ ಕೊಂಡದ್ದು, 1983ರದ್ದು, ಇಷ್ಟು ವರ್ಷ ಅಟ್ಟದಲ್ಲಿತ್ತಂತೆ. ಹುಡುಗರು ಅಂತ ಬಾಯಿಮಾತಿಗೆ ಅಂದೆ. ಎಲ್ಲರಿಗೂ 26, 27 ದಾಟಿದೆ, ಸಂಬಳ ನನ್ನ ಪೆನ್ಷನ್ನಿನ ನಾಲ್ಕರಷ್ಟಿದೆ. ಪ್ರತಿ ಶನಿವಾರ ಬಂದು ಚಕ್ಕುಲಿ ಡಬ್ಬ ಖಾಲಿ ಮಾಡಿ, ರಾತ್ರಿ ಹನ್ನೊಂದರ ತನಕ ದಾಳ ಉರುಳಿಸುತ್ತಾರೆ. 20 ಮುಖದ ದಾಳ. ಅದು ಉರುಳಿ ಉರುಳಿ ಫ್ರಿಜ್ಜಿನ ಕೆಳಗೆ ಹೋಗುತ್ತದೆ. ಕಡ್ಡಿಪೊರಕೆ ಹಿಡಿದು ಬಗ್ಗಿ ತೆಗೆಯುವವನು ನಾನು.

"ಅದರಲ್ಲಿ ಅಂಥದ್ದೇನಿದೆಯೋ?" ಅಂತ ಕೇಳಿದೆ.

"ಗ್ರೇಹಾಕ್ ಮಾಮಾ. ಕ್ಲಾಸಿಕ್."

ಕ್ಲಾಸಿಕ್ ಅನ್ನುವುದು ಉತ್ತರ ಅಲ್ಲ, ಉತ್ತರ ಕೊಡುವುದರಿಂದ ತಪ್ಪಿಸಿಕೊಳ್ಳುವ ದಾರಿ. 1972ರಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಅನ್ನುವ ಸಣ್ಣ ಊರಲ್ಲಿ ಗ್ಯಾರಿ ಗೈಗ್ಯಾಕ್ಸ್ ಅನ್ನುವವನು, ಈ ಆಟ ಕಟ್ಟಿದ ಇಬ್ಬರಲ್ಲಿ ಒಬ್ಬ, ತನ್ನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಒಂದು ಪಾಳು ಕೋಟೆಯ ನೆಲಮಾಳಿಗೆಗೆ ಇಳಿಸಿದನಂತೆ. ಬಾಯಿಮಾತಲ್ಲೇ. ಆ ಕೋಟೆ ಇದ್ದ ಊರು ಗ್ರೇಹಾಕ್, ಮುಂದೆ ಅದರ ಸುತ್ತ ಬೆಳೆದ ಲೋಕಕ್ಕೂ ಅದೇ ಹೆಸರು. ಅದಾಗಿ ಐವತ್ತು ವರ್ಷ ದಾಟಿತು. 2024ರಲ್ಲಿ ಬಂದ ಆಟದ ಹೊಸ ಪುಸ್ತಕದಲ್ಲಿ ಮತ್ತೆ ಅದೇ ಊರು, ಅದೇ ಲೋಕ. ನಾವು ಐದು ವರ್ಷದ ಹಿಂದಿನ ಮೊಬೈಲನ್ನು ಮೂಲೆಗೆ ಎಸೆಯುವ ಕಾಲದಲ್ಲಿ ಇದು ಹೇಗೆ ಉಳಿಯಿತು? ನೋಡೇ ಬಿಡೋಣ ಅಂತ ಪೆಟ್ಟಿಗೆಯಲ್ಲಿದ್ದ ಎರಡು ಪುಸ್ತಕವನ್ನೂ ನಕ್ಷೆಯನ್ನೂ ಒಂದು ವಾರಕ್ಕೆ ಕೇಳಿ ಇಟ್ಟುಕೊಂಡೆ. ಕಾಫಿ ಮುಗಿಸಿ ಕೈ ತೊಳೆದ ಮೇಲೇ ಮುಟ್ಟಬೇಕು ಅಂತ ಷರತ್ತು ಹಾಕಿದರು.

ರಾಕ್ಷಸ, ಮಾಂತ್ರಿಕ, ರಾಜಕುಮಾರಿ ಅಂತ ಇರಬಹುದು ಅಂದುಕೊಂಡು ಕೂತೆ. ನೋಡಿದರೆ ಗೆಜೆಟಿಯರ್! ಇಂಥ ರಾಜ್ಯ, ಇಂಥವನು ದೊರೆ, ಜನಸಂಖ್ಯೆ ಇಷ್ಟು, ಬೆಳೆಯುವುದು ಇದು, ಸಿಗುವುದು ಬೆಳ್ಳಿ. ಎರಡು ಪ್ಯಾರಾ, ಮುಂದಿನ ರಾಜ್ಯ. ಈ ಭಾಷೆ ನನಗೆ ಎಲ್ಲೋ ಪರಿಚಯ ಇದೆಯಲ್ಲ ಅನಿಸಿತು. ಗೈಗ್ಯಾಕ್ಸ್ ಆಟ ಶುರುಮಾಡುವ ಮುಂಚೆ ವಿಮೆ ಕಂಪನಿಯಲ್ಲಿ ಅಂಡರ್‌ರೈಟರ್, ಅಂದರೆ ಅಪಾಯ ಎಷ್ಟು ಅಂತ ತೂಗಿ ವಿಮೆ ಒಪ್ಪುವವನು, ಆಗಿದ್ದ ಅಂತ ಆಮೇಲೆ ಗೊತ್ತಾಯಿತು. ನಾನು 34 ವರ್ಷ ಮಾಡಿದ್ದೂ ಅದೇ ಕೆಲಸ. ಅವನಿಗೆ ಆ ಕೆಲಸ ಹೋಗಿ, ಮನೆಯಲ್ಲಿ ಚಪ್ಪಲಿ ಬೂಟು ರಿಪೇರಿ ಮಾಡಿಕೊಂಡು ಸಂಸಾರ ತೂಗಿಸುತ್ತಲೇ ಇದನ್ನೆಲ್ಲ ಕಟ್ಟಿದ. ನನಗೆ ಕೆಲಸ ಹೋಗಲಿಲ್ಲ, ಹಾಗಾಗಿ ನಾನು ಏನನ್ನೂ ಕಟ್ಟಲಿಲ್ಲ.

ಹೆಸರುಗಳಲ್ಲಿ ಮಾತ್ರ ಮನುಷ್ಯ ಬಹಳ ಸೋಮಾರಿ. ಡ್ರಾಮಿಜ್ ಅಂತ ಒಬ್ಬ ಮಹಾ ಮಾಂತ್ರಿಕ ಇದ್ದಾನೆ. ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೆ ಜಿಮ್ ವಾರ್ಡ್, ಜೊತೆಗೆ ಆಡುತ್ತಿದ್ದ ಗೆಳೆಯ. ಟೆನ್ಸರ್ ಅಂದರೆ ಮಗ ಅರ್ನೆಸ್ಟ್‌ನ ಅಕ್ಷರಗಳನ್ನೇ ಕಲಸಿದ್ದು. ನಮ್ಮ ಕಚೇರಿಯಲ್ಲೂ ಇಂಥ ಚೇಷ್ಟೆ ನಡೆಯುತ್ತಿತ್ತು, ಆದರೆ ಅದನ್ನು ಯಾರೂ ಅಚ್ಚು ಹಾಕಿಸಲಿಲ್ಲ.

ಇಲ್ಲಿಯ ತನಕ ಸರಿಯಾಗೇ ಓದುತ್ತಿದ್ದೆ. ಕ್ಯಾಲೆಂಡರ್ ಬಂತು ನೋಡಿ, ಅಲ್ಲಿ ಸಿಕ್ಕಿಬಿದ್ದೆ.

ಆ ಲೋಕದಲ್ಲಿ ವರ್ಷಕ್ಕೆ 364 ದಿನ. 28 ದಿನದ 12 ತಿಂಗಳು, ನಡುನಡುವೆ ಏಳೇಳು ದಿನದ ನಾಲ್ಕು ಹಬ್ಬ. ಪ್ರತಿ ತಿಂಗಳ ಒಂದನೇ ತಾರೀಕೂ ಸ್ಟಾರ್‌ಡೇ, ಅಂದರೆ ನಮ್ಮ ಶನಿವಾರದ ಜಾಗ. ಅಧಿಕ ಮಾಸ ಇಲ್ಲ, ಕ್ಷಯ ತಿಥಿ ಇಲ್ಲ, ಹಬ್ಬ ಇವತ್ತೋ ನಾಳೆಯೋ ಅಂತ ಎರಡು ಪಂಚಾಂಗ ಜಗಳ ಆಡುವುದಿಲ್ಲ. ಆಹಾ ಅನಿಸಿತು. ಪುಟ ತಿರುಗಿಸಿದರೆ ಚಂದ್ರ ಎರಡು! ದೊಡ್ಡದು ಲೂನಾ, 28 ದಿನಕ್ಕೊಂದು ಸುತ್ತು. ಚಿಕ್ಕದು ಸೆಲೀನ್, 91 ದಿನಕ್ಕೊಂದು ಸುತ್ತು.

ನನಗೆ ತಕ್ಷಣ ನೆನಪಾದದ್ದು ನಮ್ಮ ಅಜ್ಜಿ.

ಅಜ್ಜಿ ಇದ್ದದ್ದು ತೀರ್ಥಹಳ್ಳಿಯ ಹತ್ತಿರ. ಸಂಕಷ್ಟಿ ಬಿಟ್ಟವಳಲ್ಲ. ಇಡೀ ದಿನ ಉಪವಾಸ, ರಾತ್ರಿ ಚಂದ್ರನನ್ನು ನೋಡಿಯೇ ಊಟ. ಬೇಸಿಗೆಯಲ್ಲಿ ಸರಿ. ಆಷಾಢದಲ್ಲಿ ಆ ಕಡೆ ಸೂರ್ಯನೇ ಕಾಣುವುದಿಲ್ಲ, ಇನ್ನು ಚಂದ್ರ ಎಲ್ಲಿಂದ ಕಾಣಬೇಕು? ಅಜ್ಜ ಪಂಚಾಂಗ ತೋರಿಸಿ, "ಚಂದ್ರೋದಯ 9 ಗಂಟೆ 12 ನಿಮಿಷ ಅಂತ ಬರೆದಿದೆ, ಆಯ್ತು, ಬಡಿಸು" ಅನ್ನುತ್ತಿದ್ದರು. ಅಜ್ಜಿ, "ಬರೆದದ್ದನ್ನು ನೋಡಿ ಉಣ್ಣೋದಾದ್ರೆ ಊಟ ಅಂತಲೂ ಬರೆದುಕೊಡ್ತೀನಿ, ಅದನ್ನೇ ಉಣ್ಣಿ" ಅನ್ನುತ್ತಿದ್ದಳು. ಕಡುಬು ಒಲೆಯ ಪಕ್ಕ ಆರುತ್ತಿತ್ತು. ನಾವು ಮೊಮ್ಮಕ್ಕಳು ಕಂಬಳಿ ಕೊಪ್ಪೆ ಹೊದ್ದು ಅಂಗಳದಲ್ಲಿ ಕಾವಲು. ಮೋಡ ಸ್ವಲ್ಪ ಬೆಳ್ಳಗಾದರೆ "ಕಾಣ್ತು!" ಅಂತ ಕೂಗುವುದು, ಅಜ್ಜಿ ಅರ್ಘ್ಯದ ತಂಬಿಗೆ ಹಿಡಿದು ಬರುವಷ್ಟರಲ್ಲಿ ಮತ್ತೆ ಕಪ್ಪು. ಹಸಿವಿಗೆ ನಾನೊಮ್ಮೆ ಸುಳ್ಳೇ ಕಾಣಿಸಿತು ಅಂದು ಬೆನ್ನಿಗೆ ಏಟು ತಿಂದಿದ್ದೇನೆ. ಕೊನೆಗೆ ಒಂದು ದಾರಿ ಸಿಕ್ಕಿತು. ಚಿಕ್ಕಪ್ಪನಿಗೆ ಹೊಸಪೇಟೆಗೆ ವರ್ಗವಾಯಿತು. ಅಲ್ಲಿ ಮೋಡ ಕಮ್ಮಿ. ಪಕ್ಕದ ಮನೆಯ ಫೋನಿಗೆ ಅವನು ಫೋನ್ ಮಾಡಿ "ಇಲ್ಲಿ ಕಂಡ" ಅಂದರೆ ಮುಗಿಯಿತು. ಮಗನ ಕಣ್ಣು ತಾಯಿಯ ಕಣ್ಣು ಬೇರೆ ಬೇರೆಯಾ, ಅನ್ನುವುದು ಅಜ್ಜಿಯ ವಾದ. ಅಜ್ಜ ಮಾತ್ರ, ಪಂಚಾಂಗ ಬೇಡ, ಫೋನ್ ಆಗುತ್ತದೆ ಅಂತ ಗೊಣಗುತ್ತಲೇ ಕಡುಬಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಈ ಅಜ್ಜಿ ಗ್ರೇಹಾಕ್‌ನಲ್ಲಿ ಹುಟ್ಟಿದ್ದರೆ? ರಾತ್ರಿ ಪೆನ್ಸಿಲ್ಲು, ಹಾಳೆ ಹಿಡಿದು ಕೂತೆ. ಲೂನಾದ ಸಂಕಷ್ಟಿ ವರ್ಷಕ್ಕೆ ಸರಿಯಾಗಿ 13. ಪರವಾಗಿಲ್ಲ, ನಮ್ಮಲ್ಲೂ ಅಧಿಕ ಮಾಸ ಬಂದ ವರ್ಷ ಅಷ್ಟೇ. ಸೆಲೀನ್‌ದು ನಾಲ್ಕೇ. ಆದರೆ 91 ದಿನವನ್ನು 30 ತಿಥಿಗೆ ಹಂಚಿ ನೋಡಿ. ಒಂದೊಂದು ತಿಥಿಯೂ ಮೂರು ದಿನ! ಚೌತಿ ಮೂರು ದಿನ, ಉಪವಾಸವೂ ಮೂರು ದಿನ. ಏಕಾದಶಿಯ ಕಥೆ ಬೇಡವೇ ಬೇಡ. ಇನ್ನೂ ಒಂದಿದೆ. ನಡುಬೇಸಿಗೆಯ ಹಬ್ಬದ ನಾಲ್ಕನೇ ದಿನ ಎರಡಕ್ಕೂ ಒಟ್ಟಿಗೆ ಹುಣ್ಣಿಮೆ. ಅದು ನಮ್ಮ ಮಂಗಳವಾರದ ಜಾಗ. 28ನ್ನೂ 91ನ್ನೂ ಏಳರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಅಂದರೆ ಅಲ್ಲಿ ಯಾವ ಹುಣ್ಣಿಮೆ ಬಂದರೂ ಮಂಗಳವಾರವೇ, ಲೂನಾದ ಚೌತಿ ಬಂದರೆ ಶನಿವಾರವೇ. ಅಂಗಾರಕ ಸಂಕಷ್ಟಿ ಅನ್ನುವುದು ಆ ಚಂದ್ರನಿಗೆ ಜನ್ಮದಲ್ಲಿ ಬರುವುದಿಲ್ಲ. ಅಜ್ಜಿಯ ಎದುರು ಹೇಳಿದ್ದರೆ, "ಅಂಥ ಊರಿಗೆ ಹೆಣ್ಣು ಕೊಡಬಾರದು" ಅನ್ನುತ್ತಿದ್ದಳು.

ಹೆಂಡತಿ ಎದ್ದು ಬಂದು ನೋಡಿ, "ರಾತ್ರಿ ಒಂದೂವರೆ. ಇನ್ಕಮ್ ಟ್ಯಾಕ್ಸಾ?" ಅಂದಳು. ಸೆಲೀನ್ ಅಂದೆ. ದೀಪ ಆರಿಸಿ ಹೋದಳು.

ಈಗ ಬರುವ ಲೋಕಗಳನ್ನೂ ಹುಡುಗರು ತೋರಿಸಿದ್ದಾರೆ. ಮೊದಲೇ ಸಿನಿಮಾ, ಆಮೇಲೆ ಬೊಂಬೆ, ಆಮೇಲೆ ಟೀ ಶರ್ಟು. ಪ್ರತಿ ಗುಡ್ಡಕ್ಕೂ ಮೂರು ಸಾವಿರ ವರ್ಷದ ಇತಿಹಾಸ ಬರೆದು ಮುಗಿಸಿರುತ್ತಾರೆ. ಅಲ್ಲಿ ನಮ್ಮ ಅಜ್ಜಿಯನ್ನು ಕೂರಿಸಲು ಒಂದು ಮಣೆಯಷ್ಟು ಜಾಗ ಇಲ್ಲ. ಗ್ರೇಹಾಕ್ ಇಷ್ಟು ವರ್ಷ ಉಳಿಯುವುದಕ್ಕೆ ಇದೇ ಕಾರಣ ಇರಬಹುದಾ ಅಂತ ಅಕ್ಕನ ಮಗನನ್ನು ಕೇಳಿದೆ. "ಇರಬಹುದು ಮಾಮಾ. ಆದ್ರೆ ಮ್ಯಾಪ್ ಚೆನ್ನಾಗಿದೆ, ಅದಕ್ಕೇ" ಅಂದ. ಮ್ಯಾಪ್ ಚೆನ್ನಾಗಿರುವುದು ನಿಜ. ಡಾರ್ಲೀನ್ ಅನ್ನುವ ಕಲಾವಿದೆ ಬರೆದದ್ದು, ಎರಡು ದೊಡ್ಡ ಹಾಳೆ, ಕಾಡು ಕಾಡಿಗೂ ಬೇರೆ ಹಸಿರು. ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಒಂದು ಮನೆ ದಾಟಿದರೆ 30 ಮೈಲಿ. ಈ ಹಾಳೆಗಳನ್ನು ಇದ್ದ ಹಾಗೇ ಮಡಚುವುದು ಮಾತ್ರ ನನ್ನಿಂದ ಆಗಲಿಲ್ಲ. ಪುಸ್ತಕದ ಜೊತೆ ಸುರುಳಿ ಸುತ್ತಿ ವಾಪಸ್ ಕೊಟ್ಟೆ. ಮುಖ ಸಣ್ಣ ಮಾಡಿಕೊಂಡು ತಗೊಂಡರು.

ಮುಂದಿನ ಶನಿವಾರ ನನ್ನ ಲೋಟಕ್ಕೆ ಅಂತ ಬೇರೆಯೇ ಒಂದು ಸ್ಟೂಲ್ ಇತ್ತು. ನಕ್ಷೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಕಾಫಿಯ ಗುರುತಿನ ಸುತ್ತ ಪ್ಲಾಸ್ಟಿಕ್ ಮೇಲೆ ಕೆಂಪು ಪೆನ್ನಲ್ಲಿ ಗೆರೆ.

"ಇದೇನು?"

"ಗೋಡೆ ಅಂಕಲ್. ಹೋದ ವಾರದಿಂದ ಅದರ ಸುತ್ತಾನೇ ನಡೀತಾ ಇದೀವಿ, ಬಾಗಿಲು ಸಿಗ್ತಾ ಇಲ್ಲ."

"ಅಡ್ಡಗಲ ಎಷ್ಟು?"

ಅಕ್ಕನ ಮಗ ಬೆರಳಿಟ್ಟು ಎಣಿಸಿದ. ಏಳು ಮನೆ. 210 ಮೈಲಿ. ಸುಮಾರು ಬೆಂಗಳೂರಿಂದ ತೀರ್ಥಹಳ್ಳಿಯಷ್ಟು ದೂರ.

"ಯಾರು ಕಟ್ಟಿದ್ದಂತೆ?"

"ಜರಾಗನಾ ಅಂತ ಒಬ್ಬ ಮಾಂತ್ರಿಕ. ಮುದುಕ, ಸಿಡುಕ" ಅಂದ, ನನ್ನ ಮುಖ ನೋಡದೆ.

ಲೋಟ ಎತ್ತಿಕೊಂಡು ವರಾಂಡಕ್ಕೆ ಬಂದು ಕೂತೆ. ಹಿಂದಿನಿಂದ ಓದಿಕೊಳ್ಳಲು ಅರ್ಧ ಲೋಟ ಕಾಫಿ ಹಿಡಿಯಿತು. ಮುದುಕ ಸರಿ. ಸಿಡುಕ ಅಂತ ಯಾಕೆ ಸೇರಿಸಬೇಕಿತ್ತು?